ಮುಂದಿನ ಸಾಲಿನ ನಗೆ

ಕೂಡ್ಲಿಗಿ ಸೀಮೆಯ ಹೊಸಹಳ್ಳಿಯಲ್ಲಿ ನಾನು ಮೊದಲ ಬಾರಿಗೆ ಕಂಪನಿ ನಾಟಕ ನೋಡಿದ್ದು ಹನ್ನೆರಡು ಹದಿಮೂರರ ಪ್ರಾಯದಲ್ಲಿ. 1970ರ ದಶಕದ ಮಾತು. ಸುಗ್ಗಿ ಮುಗಿದು, ಶೇಂಗಾ ಮಾರಿದ ಹಣ ಜನರ ಕೈಯಲ್ಲಿ ಓಡಾಡುತ್ತಿದ್ದ ಕಾಲ. ಊರ ಹೊರಗಿನ ಬಯಲಿನಲ್ಲಿ ತಗಡು, ಬಿದಿರುತಟ್ಟಿ, ಗೋಣಿತಾಟುಗಳಿಂದ ಕಟ್ಟಿದ ಥೇಟರು. ನೆಲಕ್ಕೆ ಒಂದು ದರ, ಬೆಂಚಿಗೆ ಇನ್ನೊಂದು ದರ. ಎಲ್ಲಕ್ಕೂ ಮುಂದೆ ಒಂದು ಸಾಲು ಕುರ್ಚಿ. ಅವಕ್ಕೆ ದರವೇ ಇಲ್ಲ. ಅವು ಊರಿನ ಮರ್ಯಾದಸ್ಥರಿಗೆ ಮೀಸಲು.

ಆ ರಾತ್ರಿಯ ನಾಟಕ ಪಿ.ಬಿ. ಧುತ್ತರಗಿಯವರ 'ಮುದುಕನ ಮದುವೆ'. ಉತ್ತರ ಕರ್ನಾಟಕದಲ್ಲಿ ಈ ನಾಟಕವನ್ನು ನೋಡದವರು ವಿರಳ. ಹೆಸರೇ ಕಥೆಯನ್ನು ಹೇಳುತ್ತದೆ. ಕಾಡಿಗೆ ಸನಿಹದ ಮುದುಕನಿಗೆ ಮದುವೆಯ ಚಪಲ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕವರು ಮುಂದಿನ ಸಾಲಿನ ನಟ್ಟನಡುವೆ ಕುಳಿತಿದ್ದ ಹಿರಿಯರೊಬ್ಬರು. ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡು ಮತ್ತೆ ನಗುತ್ತಿದ್ದರು. ಅವರು ಅರುವತ್ತು ದಾಟಿದ ಮೇಲೆ ಮೂರನೆಯ ಮದುವೆಯಾಗಿದ್ದರು. ಆ ಹೆಣ್ಣುಮಗಳಿಗೆ ಅವರ ಮೊಮ್ಮಗಳ ವಯಸ್ಸು. ಥೇಟರಿನಲ್ಲಿದ್ದ ಪ್ರತಿಯೊಬ್ಬರಿಗೂ ಇದು ಗೊತ್ತಿತ್ತು. ನೆಲದ ಮೇಲೆ ಕುಳಿತವರು ರಂಗವನ್ನು ಒಮ್ಮೆ, ಅವರ ಬೆನ್ನನ್ನು ಒಮ್ಮೆ ನೋಡಿ ನಗುತ್ತಿದ್ದರು. ಅವರಿಗೆ ಮಾತ್ರ ಅದು ಬೇರೆ ಯಾವನೋ ಮುದುಕನ ಕಥೆ.

ಕೇಳುಗರೆ, ಆ ನಗೆ ಐವತ್ತು ವರ್ಷಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ತನ್ನನ್ನೇ ಕುರಿತ ಪ್ರಹಸನವನ್ನು ನೋಡಿ ಮನುಷ್ಯ ಇಷ್ಟು ಹಗುರಾಗಿ ನಗುವುದು ಹೇಗೆ? ಆ ಹಿರಿಯರ ಸಂಗತಿ ಒಂದು ಹಳ್ಳಿಯದು. ಆದರೆ ಇದೇ ನಗೆ ಲಂಡನ್ನಿನ ರಂಗಮಂದಿರಗಳಲ್ಲಿ, ಬೆಂಗಳೂರಿನ ಸಭಾಭವನಗಳಲ್ಲಿ, ಕಡೆಗೆ ನನ್ನ ಸ್ವಂತ ಪಾಠದ ಕೋಣೆಯಲ್ಲಿಯೂ ಕೇಳಿಸಿದೆ. ಮರ್ಯಾದಸ್ಥರು ಮತ್ತು ಅವರನ್ನು ಗೇಲಿ ಮಾಡುವ ನಾಟಕ, ಇವೆರಡರ ನಡುವಿನ ವಿಚಿತ್ರ ಸ್ನೇಹದ ಚರಿತ್ರೆಯನ್ನು ಇಂದು ಸ್ವಲ್ಪ ಹೇಳಬೇಕೆಂದಿದ್ದೇನೆ.

ಕನ್ನಡದ ಮೊದಲ ಸಾಮಾಜಿಕ ನಾಟಕವೇ ಇಂಥ ಒಂದು ಪ್ರಹಸನ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಉತ್ತರ ಕನ್ನಡದ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' 1887ರಲ್ಲಿ ಬಂತು. ಹಣ ತೆಗೆದುಕೊಂಡು ಎಳೆಯ ಹೆಣ್ಣುಮಕ್ಕಳನ್ನು ವಯಸ್ಸಾದವರಿಗೆ ಕೊಡುವ ಕನ್ಯಾವಿಕ್ರಯ ಅದರ ವಸ್ತು. ಶಾಸ್ತ್ರಿಗಳು ಬೇರೆಯವರ ಮನೆಯ ಹುಳುಕನ್ನು ಹುಡುಕಿಕೊಂಡು ಹೋಗಲಿಲ್ಲ. ಸ್ವಂತ ಹವ್ಯಕ ಸಮಾಜವನ್ನೇ, ಅದರ ಮನೆಮಾತಿನಲ್ಲಿಯೇ, ರಂಗಕ್ಕೆ ತಂದರು. ಸಂಸ್ಕೃತ ನಾಟಕಗಳ ಅನುವಾದಗಳು ರಾಜಾಸ್ಥಾನದ ಆಶ್ರಯದಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ, ಅಡುಗೆಮನೆಯ ಭಾಷೆಯಲ್ಲಿ ಅಂಗಳದ ವ್ಯಾಪಾರವನ್ನು ಬಯಲಿಗೆಳೆದ ಧೈರ್ಯ ಸಣ್ಣದಲ್ಲ. ಹೆಣ್ಣಿನ ಮೇಲೆ ಬೆಲೆ ಕಟ್ಟುವವರು ನಿತ್ಯವೂ ಸಂಧ್ಯಾವಂದನೆ ತಪ್ಪಿಸದವರು. ನಗೆಯ ಕೆಳಗೆ ಹರಿಯುವ ಕತ್ತಲೆ ಅದೇ.

ಈಗ ಅದೇ ಕಾಲದ ಇಂಗ್ಲೆಂಡಿಗೆ ಒಮ್ಮೆ ಹೋಗಿಬರೋಣ. ಏಕೆಂದರೆ ಮರ್ಯಾದೆಯನ್ನು ಒಂದು ವರ್ಗದ ಧರ್ಮವನ್ನಾಗಿ ಮಾಡಿ, ಅದನ್ನು ಹಡಗಿನಲ್ಲಿ ಹೇರಿ ನಮ್ಮವರೆಗೂ ತಂದವರು ಅಲ್ಲಿಯ ಮಧ್ಯಮ ವರ್ಗದವರು. ವ್ಯಾಪಾರಿ, ವಕೀಲ, ಪಾದ್ರಿ, ಸರ್ಕಾರಿ ಅಧಿಕಾರಿ, ಇವರೆಲ್ಲ ಸೇರಿ ಆದ ವರ್ಗ ಅದು. ಭಾನುವಾರದ ಪ್ರಾರ್ಥನೆ, ಶುಭ್ರವಾದ ಕಾಲರು, ಮನೆಯ ಹೆಣ್ಣುಮಕ್ಕಳ ಮುಂದೆ ಆಡಬಾರದ ಮಾತುಗಳ ದೊಡ್ಡ ಪಟ್ಟಿ; ಇವು ಅವರ ಲಕ್ಷಣ. ಮನೆಗೆ ಬರುವ ಬಡ್ಡಿಯ ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವುದೂ ಆ ಪಟ್ಟಿಯಲ್ಲಿಯೇ ಸೇರಿತ್ತು.

ಅದನ್ನು ಕೇಳಿದವನು ಬರ್ನಾರ್ಡ್ ಷಾ. ಅವನ 'ಮಿಸೆಸ್ ವಾರೆನ್ಸ್ ಪ್ರೊಫೆಷನ್' ನಾಟಕ ಬರೆದು ಮುಗಿದದ್ದು 1893ರಲ್ಲಿ. ಕೇಂಬ್ರಿಜ್ಜಿನಲ್ಲಿ ಗಣಿತ ಓದಿದ ಬುದ್ಧಿವಂತ ಮಗಳು ವಿವಿ. ತನ್ನ ಓದಿಗೆ ಹಣ ಎಲ್ಲಿಂದ ಬಂತೆಂಬುದು ಅವಳಿಗೆ ತಿಳಿಯದು. ತಾಯಿ ಬಡತನದಿಂದ ಪಾರಾಗಲು ಮೈಮಾರುವ ದಂಧೆಗೆ ಇಳಿದು, ಕಡೆಗೆ ಯುರೋಪಿನ ಹಲವು ನಗರಗಳಲ್ಲಿ ವೇಶ್ಯಾಗೃಹಗಳನ್ನು ನಡೆಸುವ ಒಡತಿಯಾಗಿದ್ದಾಳೆ. ಇಷ್ಟೇ ಆಗಿದ್ದರೆ ಅದೊಂದು ಕಣ್ಣೀರಿನ ಕಥೆಯಾಗುತ್ತಿತ್ತು. ಷಾನ ಕುಚೋದ್ಯವೆಲ್ಲ ಆ ದಂಧೆಯ ಪಾಲುದಾರನಾದ ಸರ್ ಜಾರ್ಜ್ ಕ್ರಾಫ್ಟ್ಸ್‌ನ ಪಾತ್ರದಲ್ಲಿದೆ. ಅವನು 40,000 ಪೌಂಡು ಹೂಡಿದ್ದಾನೆ. ತೀರ ಕೆಟ್ಟ ವರ್ಷಗಳಲ್ಲಿಯೂ ನೂರಕ್ಕೆ 35ರಂತೆ ಲಾಭ. ವಿವಿ ಅಸಹ್ಯಪಟ್ಟಾಗ ಅವನು ನಾಚುವುದಿಲ್ಲ, ಲೆಕ್ಕ ಹೇಳುತ್ತಾನೆ. ಪಾರ್ಲಿಮೆಂಟಿನ ಸದಸ್ಯನಾದ ತನ್ನ ತಮ್ಮನಿಗೆ ಕಾರ್ಖಾನೆಯೊಂದರಿಂದ ನೂರಕ್ಕೆ 22ರ ಲಾಭ ಬರುತ್ತದೆ. ಅಲ್ಲಿ 600 ಹುಡುಗಿಯರು ದುಡಿಯುತ್ತಾರೆ, ಒಬ್ಬಳಿಗೂ ಹೊಟ್ಟೆ ತುಂಬುವಷ್ಟು ಕೂಲಿಯಿಲ್ಲ. ವಿವಿ ಓದಿದ ಕಾಲೇಜಿನ ವಿದ್ಯಾರ್ಥಿವೇತನವನ್ನು ಸ್ಥಾಪಿಸಿದವನು ಅದೇ ತಮ್ಮ! ಇನ್ನು ಊರಿನ ಪಾದ್ರಿಯೋ, ಯೌವನದಲ್ಲಿ ಮಿಸೆಸ್ ವಾರೆನ್ನಳ ಗಿರಾಕಿಯಾಗಿದ್ದವನು.

ಈ ನಾಟಕಕ್ಕೆ ಲಂಡನ್ನಿನಲ್ಲಿ ಅನುಮತಿ ಸಿಗಲಿಲ್ಲ. ಅಲ್ಲಿ ನಾಟಕಗಳನ್ನು ಓದಿ ಪರವಾನಗಿ ಕೊಡುವ ಅಧಿಕಾರ ಲಾರ್ಡ್ ಚೇಂಬರ್ಲೇನ್ ಎಂಬ ರಾಜಮನೆತನದ ಅಧಿಕಾರಿಯ ಕೈಯಲ್ಲಿತ್ತು. ಅರಮನೆಯ ಸಮಾರಂಭಗಳ ವ್ಯವಸ್ಥೆ ನೋಡಿಕೊಳ್ಳುವವನೇ ದೇಶದ ನಾಟಕಗಳ ನೀತಿಯನ್ನೂ ನೋಡಿಕೊಳ್ಳುತ್ತಿದ್ದ. 1737ರಲ್ಲಿ ಬಂದ ಈ ಏರ್ಪಾಡು 1968ರವರೆಗೆ ನಡೆಯಿತು. ಷಾನ ನಾಟಕ 1902ರಲ್ಲಿ ಖಾಸಗಿಯಾಗಿ ಒಂದೆರಡು ಪ್ರದರ್ಶನ ಕಂಡಿತು. 1905ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದವರ ಮೇಲೆ ಪೊಲೀಸರು ಮೊಕದ್ದಮೆ ಹೂಡಿದರು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪ್ರದರ್ಶನವಾದದ್ದು 1925ರಲ್ಲಿ, ಬರೆದು 32 ವರ್ಷಗಳಾದ ಮೇಲೆ. ಅಷ್ಟರಲ್ಲಿ ಬರೆದವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

ಇದು ಎಲ್ಲಿಯದೋ ಕಥೆ, ನಮಗೇನು ಎನ್ನಬೇಡಿ. ಬಳ್ಳಾರಿಯಲ್ಲಿ ಇಂದಿಗೂ ಕಂಟೋನ್ಮೆಂಟ್ ಎಂಬ ಬಡಾವಣೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಬಿಳಿಯ ಸೈನಿಕರ ದಂಡು ಇತ್ತು. 1864ರ ಕಂಟೋನ್ಮೆಂಟ್ ಕಾಯಿದೆ, 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ, ಇವುಗಳ ಪ್ರಕಾರ ದಂಡಿನ ಬಳಿಯ ವೇಶ್ಯೆಯರ ಹೆಸರನ್ನು ಸರ್ಕಾರವೇ ದಾಖಲು ಮಾಡಿಕೊಂಡು ಚೀಟಿ ಕೊಡುತ್ತಿತ್ತು. ಗೊತ್ತಾದ ದಿನ ಅವರ ಮೈ ಪರೀಕ್ಷೆಯಾಗಬೇಕು. ರೋಗವಿದ್ದರೆ 'ಲಾಕ್ ಆಸ್ಪತ್ರೆ'ಯಲ್ಲಿ ಕೂಡಿಹಾಕಬೇಕು. ಬಳ್ಳಾರಿಯಲ್ಲಿಯೂ ಅಂಥ ಆಸ್ಪತ್ರೆಯಿತ್ತು. ಬೀಗ ಹಾಕಿದ್ದು ಹೆಂಗಸಿಗೆ; ಸೈನಿಕನಿಗಲ್ಲ. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಎಂಬ ಧೀರ ಮಹಿಳೆ ಹೋರಾಡಿದ ಫಲವಾಗಿ ಅಲ್ಲಿಯ ಇಂಥದೇ ಕಾನೂನು 1886ರಲ್ಲಿ ರದ್ದಾಯಿತು. ಅದೇ 1886ರಲ್ಲಿ ಭಾರತದ ಸೇನಾ ಕಚೇರಿಯಿಂದ ದಂಡುಗಳಿಗೆ ಒಂದು ಸುತ್ತೋಲೆ ಹೊರಟಿತು: ದಂಡಿನ ಬಜಾರಿನಲ್ಲಿ ಹೆಂಗಸರು ಸಾಕಷ್ಟು ಸಂಖ್ಯೆಯಲ್ಲಿರಲಿ, ನೋಡಲು ಆಕರ್ಷಕರಾಗಿರಲಿ, ಅವರಿಗೆ ತಕ್ಕ ಮನೆಗಳಿರಲಿ ಎಂಬುದು ಅದರ ಸಾರ. ಈ ಸುತ್ತೋಲೆ ಲಂಡನ್ನಿನಲ್ಲಿ ಬಯಲಾದಾಗ ದೊಡ್ಡ ಗದ್ದಲವಾಯಿತು. 1888ರಲ್ಲಿ ಭಾರತದ ಕಾಯಿದೆಯನ್ನೂ ಹಿಂದೆಗೆದುಕೊಂಡರು.

ಈಗ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಿ. ವೇಶ್ಯಾವೃತ್ತಿಯಿಂದ ದೊಡ್ಡಮನುಷ್ಯರಿಗೆ ಲಾಭವಿದೆ ಎಂದು ರಂಗದ ಮೇಲೆ ಹೇಳುವುದು ಅಶ್ಲೀಲ. ಸರ್ಕಾರವೇ ಮೊಹರು ಹಾಕಿ ಅದನ್ನು ನಡೆಸುವುದು ಆಡಳಿತ. ಒಂದನ್ನು ತಡೆದ ಸಾಮ್ರಾಜ್ಯವೇ ಇನ್ನೊಂದಕ್ಕೆ ರಿಜಿಸ್ಟರು ಇಟ್ಟಿತ್ತು. ಷಾನಿಗೆ ಬಳ್ಳಾರಿಯ ಆಸ್ಪತ್ರೆಯ ಸಂಗತಿ ಗೊತ್ತಿದ್ದರೆ ಇನ್ನೊಂದು ಅಂಕವನ್ನು ಬರೆಯುತ್ತಿದ್ದನೇನೋ.

ನಗುವ ನಾಟಕಗಳಿಗೆ ಹೆದರುವುದನ್ನು ಆಳುವವರು ನಮ್ಮಲ್ಲಿಯೂ ಬೇಗನೆ ಕಲಿತರು. ಕಲ್ಕತ್ತೆಯ ವಕೀಲರೊಬ್ಬರು ವೇಲ್ಸಿನ ರಾಜಕುಮಾರನನ್ನು ತಮ್ಮ ಅಂತಃಪುರಕ್ಕೇ ಕರೆದು ಹೆಂಗಸರಿಂದ ಸತ್ಕಾರ ಮಾಡಿಸಿದರು. ಆ ದಾಸ್ಯವನ್ನು ಗೇಲಿ ಮಾಡಿ 'ಗಜದಾನಂದ' ಎಂಬ ಪ್ರಹಸನ ಹುಟ್ಟಿತು. ಅದನ್ನು ತಡೆಯಲು ಹೊರಟ ಸರ್ಕಾರ 1876ರಲ್ಲಿ ನಾಟಕ ಪ್ರದರ್ಶನ ಕಾಯಿದೆಯನ್ನೇ ತಂದಿತು. ಅದು ಧಾತು ಸಂವತ್ಸರ. ಬಳ್ಳಾರಿ ಸೀಮೆಯ ಕೆರೆಗಳು ಬತ್ತಿ, ಜನ ಬೇಲಿಯ ಸೊಪ್ಪು ತಿಂದು, ಗಂಜಿ ಕೇಂದ್ರಗಳ ದಾರಿಯಲ್ಲಿ ಬಿದ್ದು ಸಾಯುತ್ತಿದ್ದ ವರ್ಷ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ಮದ್ರಾಸು ಪ್ರಾಂತಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಬರಗಾಲದ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಇಂಥ ವರ್ಷದಲ್ಲಿ ಕಾನೂನಿನ ಕಣ್ಣಿಗೆ ಅಪಾಯಕಾರಿಯಾಗಿ ಕಂಡದ್ದು ಒಂದು ಪ್ರಹಸನ! ಆ ಕಾಯಿದೆ ನಮ್ಮ ಕಾನೂನಿನ ಪುಸ್ತಕದಿಂದ ಹೊರಬಿದ್ದದ್ದು 2018ರಲ್ಲಿ. ಸ್ವತಂತ್ರರಾದ ಮೇಲೆ 70 ವರ್ಷ ನಾವೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆವು.

ಷಾನ ನಾಟಕ ಲಂಡನ್ನಿನ ಸಾರ್ವಜನಿಕ ರಂಗಕ್ಕೆ ನಿಷಿದ್ಧವಾಗಿದ್ದ ದಿನಗಳಲ್ಲಿಯೇ ಮೈಸೂರಿನಿಂದ ಒಬ್ಬ ತರುಣ ಅಲ್ಲಿಗೆ ಹೋದ. ಭೂವಿಜ್ಞಾನ ಕಲಿಯಲು 1908ರಲ್ಲಿ ಹೋದ ಟಿ.ಪಿ. ಕೈಲಾಸಂ, ಸುಮಾರು ಏಳು ವರ್ಷ ಅಲ್ಲಿದ್ದು, ಕಲ್ಲುಮಣ್ಣುಗಳ ಜತೆಗೆ ಲಂಡನ್ನಿನ ರಂಗಭೂಮಿಯನ್ನೂ ಆಳವಾಗಿ ಅಭ್ಯಾಸ ಮಾಡಿದರು. 1909ರಲ್ಲಿ ನಾಟಕಗಳ ನಿಯಂತ್ರಣದ ಬಗ್ಗೆ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆ ನಡೆಸಿ, ಷಾ ಅದರ ಮುಂದೆ ನಿಂತು ವಾದಿಸಿದಾಗ ಕೈಲಾಸಂ ಆ ನಗರದಲ್ಲಿಯೇ ಇದ್ದರು. ಅಲ್ಲಿ ತಮ್ಮ ಮರ್ಯಾದಸ್ಥರನ್ನು ತಮ್ಮವರೇ ಕಟಕಟೆಗೆ ನಿಲ್ಲಿಸುತ್ತಿದ್ದರು. ಊರಿಗೆ ಮರಳಿದ ಕೈಲಾಸಂ ಮಾಡಿದ್ದೂ ಅದನ್ನೇ. ಪೌರಾಣಿಕ ವೈಭವದ ಕಂಪನಿ ನಾಟಕಗಳ ನಡುವೆ ನಮ್ಮ ನಡುಮನೆಯನ್ನೇ ರಂಗದ ಮೇಲಿಟ್ಟರು. 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆ ಪಾಸು ಮಾಡುವ ಮಗ ಟೊಳ್ಳು, ಫೇಲಾಗುವ ಮಗ ಗಟ್ಟಿ. 'ಬಹಿಷ್ಕಾರ'ದಲ್ಲಿ, ಮೈನೆರೆಯುವ ಮುನ್ನ ಮಗಳಿಗೆ ಮದುವೆ ಮಾಡಲಾಗದ ಮನೆಯನ್ನು ಸಮಾಜ ಹಿಂಡುವ ಬಗೆಯಿದೆ. ಇಂಗ್ಲಿಷ್ ಬೆರೆಸಿದ ಕನ್ನಡವನ್ನು ಅವರು ನಗೆಗಾಗಿ ಮಾತ್ರ ಬಳಸಿದರೆಂದು ನಾನು ಭಾವಿಸುವುದಿಲ್ಲ. ಸಂಕಟದ ಮಾತಿಗೆ ಕನ್ನಡ, ಸೋಗಿನ ಮಾತಿಗೆ ಇಂಗ್ಲಿಷ್ ಎಂಬ ನಮ್ಮ ಬದುಕಿನ ಸೀಳನ್ನು ಅವರ ಕಿವಿ ಹಿಡಿದಿತ್ತು.

ಆದರೆ ನಮ್ಮ ಮರ್ಯಾದಸ್ಥರು ಜಾಣರು. ಲಂಡನ್ನಿನವರು ನಾಟಕಕಾರನನ್ನು ನಿಷೇಧಿಸಿದರು. ನಾವು ಬಿರುದು ಕೊಟ್ಟೆವು. ಕೈಲಾಸಂ 'ಪ್ರಹಸನ ಪ್ರಪಿತಾಮಹ'ರಾದರು. ಮುತ್ತಜ್ಜನ ಮಾತಿಗೆ ಎಲ್ಲರೂ ನಗುತ್ತಾರೆ. ಯಾರಿಗೂ ಅದು ತಾಗುವುದಿಲ್ಲ. 1945ರಲ್ಲಿ ಮದರಾಸಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಅವರಿಗೆ ದೊರೆಯಿತು, ಮರುವರ್ಷವೇ ತೀರಿಕೊಂಡರು. ಅವರ ಕೊನೆಗಾಲದ ನಾಟಕಗಳಲ್ಲೊಂದರ ಹೆಸರು 'ಸೂಳೆ'. 'ಟೊಳ್ಳುಗಟ್ಟಿ'ಯನ್ನು ಎಷ್ಟು ಶಾಲಾವಾರ್ಷಿಕೋತ್ಸವಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಈ ನಾಟಕವನ್ನು ಯಾರೂ ಆಡಿದ್ದನ್ನು ನಾನು ಕಂಡಿಲ್ಲ. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ಮೊದಲು ನಮ್ಮ ಬಳ್ಳಾರಿಗೆ ಬರೋಣ. ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಲ್ಲ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ್ದರೂ, ನಮ್ಮ ಹಿರಿಯರಿಗೆ ಕೋರ್ಟು, ಕಚೇರಿ, ನಾಟಕ ಎಲ್ಲಕ್ಕೂ ಬಳ್ಳಾರಿಯೇ. ಬಳ್ಳಾರಿಯಾದರೋ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿಯ ವಕೀಲರು ನಾಟಕಪ್ರಿಯರು. ಧರ್ಮವರಂ ಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆಯನ್ನು ಕಟ್ಟಿದರು. ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನು ಬೆಳೆಸಿದರು. 1891ರಲ್ಲಿ ಬಳ್ಳಾರಿಯವರು ಮದರಾಸಿಗೆ ಹೋಗಿ ಆಡಿದ ನಾಟಕಗಳನ್ನು ನೋಡಿದ ಪಮ್ಮಲ್ ಸಂಬಂಧ ಮುದಲಿಯಾರರು, ವಕೀಲರೇ ವೇಷ ಹಾಕಬಹುದಾದರೆ ನಾವೇಕೆ ಹಾಕಬಾರದೆಂದು, ಅದೇ ವರ್ಷ ಸುಗುಣ ವಿಲಾಸ ಸಭೆಯನ್ನು ಸ್ಥಾಪಿಸಿದರು. ನಾಟಕವೆಂದರೆ ಕೀಳುಜನರ ಕಸುಬೆಂಬ ಭಾವನೆಯನ್ನು ಅಳಿಸಿ ಅದಕ್ಕೆ ಮರ್ಯಾದೆ ತಂದುಕೊಟ್ಟ ಈ ಸಾಲಿನ ಮೊದಲ ಪುಟದಲ್ಲಿ ಬಳ್ಳಾರಿಯ ಹೆಸರಿದೆ.

ಆದರೆ ಈ ಮರ್ಯಾದೆಗೂ ಒಂದು ಬೆಲೆಯಿತ್ತು. ಸಭೆಗಳ ರಂಗದ ಮೇಲೆ ಹೆಂಗಸರಿಗೆ ಸ್ಥಳವಿರಲಿಲ್ಲ. ಮೀಸೆ ಬೋಳಿಸಿದ ವಕೀಲರೇ ಶಕುಂತಲೆ, ದಮಯಂತಿಯರು. ಏಕೆಂದರೆ ಹಾಡುವ, ಕುಣಿಯುವ, ನಾಲ್ಕು ಜನರೆದುರು ನಿಲ್ಲುವ ವಿದ್ಯೆ ಗೊತ್ತಿದ್ದ ಹೆಂಗಸರು ದೇವದಾಸಿ ಮನೆತನದವರು. ಅವರು ಬಂದರೆ ಸಭೆಯ ಮರ್ಯಾದೆ ಏನಾಗಬೇಕು? ಅವರ ಹಾಡನ್ನು ಮದುವೆಯ ಚಪ್ಪರದಲ್ಲಿ ಕೇಳಬಹುದು, ರಾತ್ರಿ ಅವರ ಮನೆಯ ಬಾಗಿಲನ್ನು ತಟ್ಟಬಹುದು. ರಂಗದ ಮೇಲೆ ಅವರ ಪಕ್ಕದಲ್ಲಿ ನಿಲ್ಲುವುದು ಮಾತ್ರ ಸಲ್ಲದು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಮದ್ರಾಸಿನ ಶಾಸನಸಭೆಯಲ್ಲಿ ದನಿಯೆತ್ತಿದ್ದು 1927ರಲ್ಲಿ. ಸಂಪ್ರದಾಯದ ಹೆಸರು ಹೇಳಿ ವಿರೋಧಿಸಿದವರಲ್ಲಿ ಎಸ್. ಸತ್ಯಮೂರ್ತಿಯವರೂ ಇದ್ದರು. ದೊಡ್ಡ ದೇಶಭಕ್ತರು, ಸುಗುಣ ವಿಲಾಸ ಸಭೆಯ ರಂಗದ ಮೇಲೆ ಸ್ವತಃ ಬಣ್ಣ ಹಚ್ಚಿದವರು. ಕಾಯಿದೆ ಆಗಲು 1947 ಬರಬೇಕಾಯಿತು. ಆಗ ಮದ್ರಾಸಿನ ಭಾಗವಾಗಿದ್ದ ನಮ್ಮ ಸೀಮೆಗೂ ಅದು ಬಂತು. ಬಂದರೂ ಪದ್ಧತಿ ಹೋಗಲಿಲ್ಲವೆಂಬುದಕ್ಕೆ ಕರ್ನಾಟಕ 1982ರಲ್ಲಿ ಮತ್ತೊಂದು ಕಾಯಿದೆ ಮಾಡಬೇಕಾಗಿ ಬಂದುದೇ ಸಾಕ್ಷಿ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಪೊಲೀಸರನ್ನು ಕಾವಲು ನಿಲ್ಲಿಸಿದ್ದು ಎಲ್ಲಿಯೋ ಪುರಾಣಕಾಲದಲ್ಲಲ್ಲ. ನಮ್ಮ ನಿಮ್ಮ ಕಾಲದಲ್ಲಿ.

ಈ ಕಪಟವನ್ನು ಒಳಗಿನಿಂದಲೇ ಒಡೆಯಲು ನೋಡಿದ ಒಬ್ಬರನ್ನು ನೆನೆಯಬೇಕು. ಬಳ್ಳಾರಿ ರಾಘವರು. ಧರ್ಮವರಂ ಅವರ ಸೋದರಳಿಯ, ವೃತ್ತಿಯಿಂದ ವಕೀಲ, ಪ್ರವೃತ್ತಿಯಿಂದ ಮಹಾನಟ. ತೆಲುಗು, ಕನ್ನಡ, ಇಂಗ್ಲಿಷ್‌ಗಳಲ್ಲಿ ಆಡಿದವರು. 1928ರ ಸುಮಾರಿಗೆ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾನನ್ನೂ ಕಂಡು ಬಂದರು. ಅವರು ಪಟ್ಟು ಹಿಡಿದ ಒಂದು ಮಾತೆಂದರೆ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು, ವಿದ್ಯಾವಂತ ಮನೆಗಳ ಹೆಣ್ಣುಮಕ್ಕಳು ರಂಗಕ್ಕೆ ಬರಬೇಕು ಎಂಬುದು. ತಾವೇ ಮುಂದೆ ನಿಂತು ಅವರನ್ನು ಕರೆತಂದರು. ಪಿ.ವಿ. ರಾಜಮನ್ನಾರ್ ಅವರ 'ತಪ್ಪೆವರಿದಿ' ಎಂಬ ತೆಲುಗು ನಾಟಕವನ್ನು ಆಡಿದರು; ತಪ್ಪು ಯಾರದು ಎಂಬುದೇ ಅದರ ಹೆಸರು. ಕೈಲಾಸಂ ತೀರಿಕೊಂಡ 1946ರಲ್ಲಿಯೇ ರಾಘವರೂ ತೀರಿಕೊಂಡರು. ಬಳ್ಳಾರಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ.

ಇಷ್ಟು ಹೇಳಿ ನಾನು ಮುಂದಿನ ಸಾಲಿನ ಆ ಹಿರಿಯರನ್ನು ನೋಡಿ ನಕ್ಕು ಕುಳಿತರೆ ನನ್ನದೂ ಅವರ ನಗೆಯೇ ಆಗುತ್ತದೆ. ಆದ್ದರಿಂದ ನನ್ನ ಮನೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ.

ಆ ನಾಟಕದ ಮರುದಿನ ಬೆಳಿಗ್ಗೆ ಕಂಪನಿಯ ಒಬ್ಬ ನಟಿ ನಮ್ಮ ಮನೆಗೆ ಬಂದಳು. ಹಿಂದಿನ ರಾತ್ರಿ ಊರಿನ ಪರವಾಗಿ ಅವಳಿಗೆ ಶಾಲು ಹೊದಿಸಿದವರಲ್ಲಿ ನಮ್ಮ ತಂದೆಯೂ ಒಬ್ಬರು. 'ಕಲಾದೇವಿಯ ಮಗಳು' ಎಂದು ಹೊಗಳಿ ಮಾತಾಡಿದ್ದರು. ಕಂಪನಿಗೆ ಜೋಳ ಕೊಡುವುದಾಗಿ ಆಡಿದ್ದ ಮಾತನ್ನು ನೆನಪಿಸಲು ಅವಳು ಬಂದಿದ್ದಳು. ತಂದೆಯವರು ಒಳಗಿದ್ದೂ ಹೊರಗೆ ಬರಲಿಲ್ಲ. ಜೋಳವನ್ನು ಆಳಿನ ಕೈಯಲ್ಲಿ ಕಳಿಸಿದರು. ಅವಳು ಜಗುಲಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ಅಜ್ಜಿ ನನ್ನ ಕೈಯಲ್ಲಿ ಚಹಾ ಕೊಟ್ಟು ಕಳಿಸಿದರು. ಮನೆಯ ಲೋಟದಲ್ಲಲ್ಲ, ದನದ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿರುತ್ತಿದ್ದ, ಅಂಚು ಸೊಟ್ಟಗಾದ ಲೋಟದಲ್ಲಿ. ಅವಳು ನನ್ನನ್ನು ನೋಡಿ ನಕ್ಕು, "ರಾತ್ರಿ ನಾಟ್ಕ ಚೆಂದಿತ್ತೇನಪ್ಪ?" ಎಂದಳು. ನಾನು ತಲೆಯಾಡಿಸಿದೆ. ಚಹಾ ಕುಡಿದು, ಯಾರೂ ಹೇಳುವ ಮೊದಲೇ ಎದ್ದು, ಅಂಗಳದ ಕಲ್ಲುಬಾನಿಯ ನೀರಿನಿಂದ ಲೋಟ ತೊಳೆದು, ಅದನ್ನು ಗೂಡಿನಲ್ಲಿ ಬೋರಲು ಹಾಕಿ ಹೋದಳು. ಲೋಟವನ್ನು ಎಲ್ಲಿಡಬೇಕೆಂದು ಅವಳು ಕೇಳಲಿಲ್ಲ. ಎಲ್ಲ ಊರುಗಳಲ್ಲಿಯೂ ಅಂಥ ಗೂಡು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು.

ಮುಂದೆ ನಾನು ಕನ್ನಡ ಎಂ.ಎ. ಮಾಡಿ ಮೂವತ್ತು ವರ್ಷ ಪಾಠ ಹೇಳಿದೆ. ಕೈಲಾಸಂ ಅವರ ನಾಟಕಗಳೆಂದರೆ ನನ್ನ ತರಗತಿ ತುಂಬುತ್ತಿತ್ತು. ಪಾತ್ರಗಳ ದನಿಯಲ್ಲಿ ಓದಿ ಹುಡುಗರನ್ನು ನಗಿಸುತ್ತಿದ್ದೆ. ನಾಟಕಗಳ ಪಟ್ಟಿ ಹೇಳುವಾಗ 'ಸೂಳೆ'ಯ ಹೆಸರು ಬಂದರೆ, ಹುಡುಗಿಯರು ಕುಳಿತಿದ್ದಾರೆಂದು, ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದೆ. ಒಂದು ವರ್ಷ ನಮ್ಮ ಸೀಮೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಒಂದು ನಾಟಕ ಬಿಟ್ರಿ" ಎಂದಳು. ಅದು ನಮ್ಮ ಪಠ್ಯದಲ್ಲಿ ಇಲ್ಲಮ್ಮ ಎಂದೆ. "ಹೆಸರಾದರೂ ಹೇಳಬಹುದಿತ್ತಲ್ಲ ಸಾರ್" ಎಂದು ಅವಳು ಕುಳಿತಳು. ತರಗತಿ ನಕ್ಕಿತು. ಅವಳ ತಾಯಿ ಮುತ್ತು ಕಟ್ಟಿಸಿಕೊಂಡವಳೆಂದು ಆಮೇಲೆ ಗೊತ್ತಾಯಿತು. ಪ್ರವೇಶದ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಅವಳು ತಾಯಿಯ ಹೆಸರನ್ನು ಬರೆದಿದ್ದಳು. ಯಾವ ಹೆಸರನ್ನು ಹೇಳಲು ನಾನು ಸಂಕೋಚಪಟ್ಟೆನೋ, ಆ ಹೆಸರನ್ನು ಊರಿನವರು ಅವಳ ತಾಯಿಗೆ ಎದುರಿಗೇ ಹೇಳುತ್ತಿದ್ದಿರಬೇಕು. ನನ್ನ ಸಂಕೋಚದಿಂದ ಕಾಪಾಡಲ್ಪಟ್ಟದ್ದು ಆ ಹುಡುಗಿಯಲ್ಲ, ನಾನು. ಲಾರ್ಡ್ ಚೇಂಬರ್ಲೇನನ ಕಚೇರಿ ಲಂಡನ್ನಿನಲ್ಲಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಅದರ ಒಂದು ಶಾಖೆ ನನ್ನ ಮೇಜಿನ ಹಿಂದೆ ನಡೆಯುತ್ತಿತ್ತು.

ಆ ಕಚೇರಿಯ ಕೊನೆಯ ದಿನಗಳದೊಂದು ಸಂಗತಿ ಇಲ್ಲಿ ನೆನಪಾಗುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಜೋ ಆರ್ಟನ್ ಎಂಬ ನಾಟಕಕಾರ ಷಾನಿಗಿಂತಲೂ ಕಟುವಾಗಿ ಅದೇ ಮಧ್ಯಮ ವರ್ಗವನ್ನು ಗೇಲಿ ಮಾಡಿದ. ಅವನ 'ಲೂಟ್' ನಾಟಕದಲ್ಲಿ ಕದ್ದ ಹಣವನ್ನು ಬಚ್ಚಿಡಲು ಮಗನೇ ತಾಯಿಯ ಹೆಣವನ್ನು ಶವಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಾನೆ. ಮನೆಯಲ್ಲಿ ಎಲ್ಲರಿಗೂ ಅಂತ್ಯಕ್ರಿಯೆ ಮರ್ಯಾದೆಯಿಂದ ನಡೆಯಬೇಕೆಂಬ ಚಿಂತೆ. ಪರವಾನಗಿಯ ಕಚೇರಿ ವಿಧಿಸಿದ ಷರತ್ತುಗಳಲ್ಲಿ ಒಂದು, ಹೆಣದ ಪಾತ್ರಕ್ಕೆ ಗೊಂಬೆಯನ್ನೇ ಬಳಸಬೇಕೆಂಬುದು! ಇದೇ ಆರ್ಟನ್, ಎಡ್ನಾ ವೆಲ್‌ಥಾರ್ಪ್ ಎಂಬ ಮರ್ಯಾದಸ್ಥ ಹೆಂಗಸಿನ ಹೆಸರಿಟ್ಟುಕೊಂಡು, ತನ್ನ ನಾಟಕಗಳು ಅಸಹ್ಯವೆಂದು ಪತ್ರಿಕೆಗೆ ತಾನೇ ಕಾಗದ ಬರೆಯುತ್ತಿದ್ದ. ಓದಿದ ನಿಜವಾದ ಮರ್ಯಾದಸ್ಥರು, ಅದು ತಮ್ಮದೇ ಅಣಕವೆಂದು ತಿಳಿಯದೆ, ಸರಿಯಾಗಿ ಬರೆದಿದ್ದಾಳೆಂದು ತಲೆದೂಗಿರಬೇಕು. ಆ ಎಡ್ನಾಳಿಗೆ ನಮ್ಮ ಹೊಸಹಳ್ಳಿಯ ಥೇಟರಿನ ಮುಂದಿನ ಸಾಲಿನಲ್ಲಿಯೂ ಒಂದು ಕುರ್ಚಿಯಿತ್ತು. ನನ್ನ ತರಗತಿಯಲ್ಲಿಯೂ ಇತ್ತು. ಅದರ ಮೇಲೆ ನಾನೇ ಕುಳಿತಿದ್ದೆ.

ಹಾಗಾದರೆ ಇಂಥ ನಾಟಕಗಳಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಶಾಸ್ತ್ರಿಗಳು ಬರೆದದ್ದರಿಂದ ಕನ್ಯಾವಿಕ್ರಯ ನಿಲ್ಲಲಿಲ್ಲ. ಷಾ ಬರೆದದ್ದರಿಂದ ಮಿಸೆಸ್ ವಾರೆನ್ನಳ ದಂಧೆ ಮುಚ್ಚಲಿಲ್ಲ. ಕೈಲಾಸಂ ಬರೆದ ಮೇಲೂ ನಮ್ಮ ಟೊಳ್ಳು ಟೊಳ್ಳಾಗಿಯೇ ಉಳಿಯಿತು. ನಿಜ. ಆದರೆ ಆ ರಾತ್ರಿ ಥೇಟರಿನಲ್ಲಿ ಎರಡು ಬಗೆಯ ನಗೆಯಿತ್ತೆಂಬುದನ್ನು ಮರೆಯಬಾರದು. ಮುಂದಿನ ಸಾಲು ರಂಗವನ್ನು ಮಾತ್ರ ನೋಡಿ ನಗುತ್ತಿತ್ತು. ನೆಲದ ಮೇಲೆ ಕುಳಿತವರು ರಂಗವನ್ನೂ ಮುಂದಿನ ಸಾಲನ್ನೂ ಒಟ್ಟಿಗೆ ನೋಡುತ್ತಿದ್ದರು. ಹಗಲಿನಲ್ಲಿ ಆ ಹಿರಿಯರ ಎದುರು ತಲೆ ಎತ್ತಲಾಗದವರು, ನಾಲ್ಕಾಣೆಯ ಟಿಕೀಟಿಗೆ ಒಂದು ರಾತ್ರಿಯ ಮಟ್ಟಿಗೆ ಅವರ ಬೆನ್ನ ಹಿಂದೆ ಕುಳಿತು ಅವರನ್ನು ನೋಡಿ ನಕ್ಕರು. ಆ ಹಕ್ಕನ್ನು ಅವರಿಗೆ ಕೊಟ್ಟದ್ದು ನಾಟಕ. ಆಳುವವರು ಪ್ರಹಸನಕ್ಕೆ ಹೆದರಿದ್ದು ಸುಮ್ಮನಲ್ಲ. ಅವರು ಹೆದರಿದ್ದು ಹಿಂದಿನಿಂದ ಬರುವ ಈ ನಗೆಗೆ.

ಆ ವಿದ್ಯಾರ್ಥಿನಿ ಈಗ ನಮ್ಮ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಹೋದ ವರ್ಷ ಸಿಕ್ಕಿದಾಗ, ಶಾಲೆಯ ಮಕ್ಕಳಿಂದ ಕೈಲಾಸಂ ಅವರ ನಾಟಕ ಆಡಿಸುತ್ತಿದ್ದೇನೆ, ಬರಬೇಕು ಎಂದು ಕರೆದಳು. ಯಾವ ನಾಟಕ ಎಂದು ಕೇಳಿದೆ. "ಟೊಳ್ಳುಗಟ್ಟಿ ಸಾರ್. ಗಾಬರಿ ಆಗಬೇಡಿ" ಎಂದು ನಕ್ಕಳು. ಹೋದೆ. ನನಗಾಗಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿದ್ದಳು. ಮಕ್ಕಳ ನಾಟಕ ಚೆನ್ನಾಗಿತ್ತು. ಮನಸ್ಸು ಬಿಚ್ಚಿ ನಕ್ಕೆ. ನಡುವೆ ಒಮ್ಮೆ, ನೆಲದ ಮೇಲೆ ಕುಳಿತ ತಾಯಂದಿರ ಕಡೆಯಿಂದ ದೊಡ್ಡ ನಗೆಯ ಅಲೆಯೊಂದು ಎದ್ದಿತು. ಆಗ ರಂಗದ ಮೇಲೆ ಅಂಥ ನಗೆಯ ಮಾತೇನೂ ನಡೆದಿರಲಿಲ್ಲ. ನಾನು ಹಿಂದಿರುಗಿ ನೋಡಿದೆ.

(ಬಾನುಲಿ ಭಾಷಣ)